ಪಂಚಾಕ್ಷರಿ ಆರಿಸಿಕೊಟ್ಟ ಗುಂಡು

ಕೂತಲ್ಲಿ ಕೂರುವ ಸುಖವನ್ನು ದೇವರು ಪಂಚಾಕ್ಷರಿಗೆ ಕೊಟ್ಟಿರಲಿಲ್ಲ. ಊಟಕ್ಕೆ ಕೂತರೆ ನಡುವೆ ಎದ್ದುಹೋಗಿ ಹಿತ್ತಲಿನ ನಲ್ಲಿ ನಿಲ್ಲಿಸಿದ್ದೇನೋ ಇಲ್ಲವೋ ಎಂದು ನೋಡಿಬರುತ್ತಿದ್ದ. ಟೀವಿ ಮುಂದೆ ಕೂತರೂ ಅವನ ಬಲಗಾಲು ತನ್ನ ಪಾಡಿಗೆ ತಾನು ಕುಣಿಯುತ್ತಿತ್ತು. "ಆ ಕಾಲಿಗೊಂದು ಡೈನಮೋ ಕಟ್ಟಿದ್ರೆ ನಮ್ಮನೆಗೆ ಕರೆಂಟ್ ಬಿಲ್ಲೇ ಬರ್ತಿರ್ಲಿಲ್ಲ" ಎಂದು ಹೆಂಡತಿ ಶಾರದಾ ರೇಗಿಸುತ್ತಿದ್ದಳು.

ಕಾಲು ಕುಣಿಯುವುದಕ್ಕೆ ಕಾರಣವೂ ಇತ್ತೆನ್ನಿ. ಮೈಸೂರಿನಲ್ಲಿ ಮೆಕ್ಯಾನಿಕಲ್ ಓದಿ, ಲೋಹದ ವಿಷಯದಲ್ಲಿ ಒಳ್ಳೆಯ ಹೆಸರು ಮಾಡಿ, ೨೦೧೧ರಲ್ಲಿ ಅವನು ಆಸ್ಟ್ರೇಲಿಯಾದ ಅಡಿಲೇಡ್‌ಗೆ ಬಂದ. ಕಾರಿನ ಬಿಡಿಭಾಗ ಮಾಡುವ ಕಾರ್ಖಾನೆ. ಎರಡು ವರ್ಷ ತುಂಬುವುದರೊಳಗೆ ಅವನ ವಿಭಾಗಕ್ಕೆ ಬೀಗ ಬಿತ್ತು. ಅಲ್ಲಿಂದ ಬ್ರಿಸ್ಬೇನ್, ಕಲ್ಲಿದ್ದಲ ಗಣಿಗೆ ಯಂತ್ರ ಕೊಡುವ ಕಂಪನಿ. ಅವನು ಹೋಗಿ ಬಾಡಿಗೆ ಮನೆಯ ಪರದೆ ಹಾಕುವಷ್ಟರಲ್ಲಿ ಕಲ್ಲಿದ್ದಲ ಬೆಲೆ ಕುಸಿಯಿತು. ಆಮೇಲೆ ಪರ್ತ್, ಕಬ್ಬಿಣದ ಅದಿರು. ೨೦೧೫ರ ಫೆಬ್ರವರಿಯಲ್ಲಿ ಅದೂ ಮುಗಿಯಿತು. "ನಾನು ಕಾಲಿಟ್ಟ ಕಡೆ ಕೈಗಾರಿಕೆಗೆ ಶನಿ ಹಿಡಿಯುತ್ತೆ ಕಣ್ರೀ" ಎಂದು ಅವನೇ ಎಲ್ಲರೆದುರು ನಗುತ್ತಿದ್ದ. ಆ ನಗುವನ್ನು ಹತ್ತಿರದಿಂದ ನೋಡಿದವರಿಗೆ ನಗು ಬರುತ್ತಿರಲಿಲ್ಲ.

ಪರ್ತ್‌ನ ಅಂಚಿನ ಪಿಯಾರಾ ವಾಟರ್ಸ್‌ನ ಹೊಸ ಮನೆಯಲ್ಲಿ ಹನ್ನೊಂದು ತಿಂಗಳು ಕೂತ. ಕೂತ ಎನ್ನುವುದು ತಪ್ಪು, ಹನ್ನೊಂದು ತಿಂಗಳು ಸುತ್ತಿದ. ಶಾರದಾ ವೃದ್ಧಾಶ್ರಮದಲ್ಲಿ ಕೆಲಸ ಮಾಡಿ ಬರುವಷ್ಟರಲ್ಲಿ ಡಬ್ಬಿಗಳೆಲ್ಲ ಎತ್ತರದ ಪ್ರಕಾರ ನಿಂತಿರುತ್ತಿದ್ದವು. ಸಾಸಿವೆ ಎಲ್ಲಿ ಎಂದು ಅವಳು ಪರದಾಡುತ್ತಿದ್ದಳು. ಹದಿಮೂರು ವರ್ಷದ ಮಗಳು ತನ್ವಿ ಕೋಣೆಯಿಂದಲೇ, "ಅಪ್ಪಾ, ಯೂ ಆರ್ ಪೇಸಿಂಗ್ ಅಗೇನ್" ಎಂದು ಕೂಗುತ್ತಿದ್ದಳು.

ಕಡೆಗೆ ಸಿಕ್ಕ ಕೆಲಸ ಎಂಥದ್ದು ಅಂತೀರಿ? ಬಂದೂಕಿನ ಅಂಗಡಿಯಲ್ಲಿ. ಥಾರ್ನ್ಲಿಯಿಂದ ಆಚೆ, ಟೈರ್ ಅಂಗಡಿಗಳ ಸಾಲಿನ ಕೊನೆಯಲ್ಲಿ, ಕಬ್ಬಿಣದ ಸರಳು ಹಾಕಿದ ಒಂದು ಮಳಿಗೆ. ಒಡತಿ ಮಾರ್ಜ್, ಅರವತ್ತು ದಾಟಿದ ವಿಧವೆ. ಲೆಕ್ಕ, ಅಳತೆ, ಕ್ಯಾಟಲಾಗು ಎಲ್ಲ ಅರ್ಥವಾಗುವ ಒಬ್ಬ ಮನುಷ್ಯ ಅವಳಿಗೆ ಬೇಕಾಗಿತ್ತು.

"ಬಂದೂಕು ಹಿಡಿದಿದ್ದೀಯಾ?" ಎಂದು ಕೇಳಿದಳು.

"ಹಿಡಿದಿದ್ದೀನಿ."

"ಬೇಟೆ?"

"ಊರಲ್ಲಿ, ಸ್ವಲ್ಪ" ಎಂದುಬಿಟ್ಟ ಪಂಚಾಕ್ಷರಿ.

ಅವನು ಹಿಡಿದಿದ್ದು ಕಾಲೇಜಿನ ಎನ್‌ಸಿಸಿಯಲ್ಲಿ, ಒಂದೇ ಬೆಳಿಗ್ಗೆ, ಐದು ಗುಂಡು. ಅದರಲ್ಲಿ ಎರಡು ಪಕ್ಕದವನ ಗುರಿಹಲಗೆಗೆ ಬಿದ್ದಿದ್ದವು. ಬೇಟೆಯ ಮಾತಂತೂ ದೂರವೇ ಉಳಿಯಿತು. ಮೊಟ್ಟೆ ಹಾಕಿದ ಕೇಕು ಕೂಡ ಮುಟ್ಟದ ಲಿಂಗಾಯತರ ಮನೆಯವನು. ಎದೆಯ ಮೇಲೆ ಲಿಂಗ, ಬೆಳಿಗ್ಗೆ ಪೂಜೆಯಿಲ್ಲದೆ ಕಾಫಿಯಿಲ್ಲ. ಆದರೆ ಹನ್ನೊಂದು ತಿಂಗಳು ಮನೆಯಲ್ಲಿದ್ದವನ ಬಾಯಿಂದ ಇಲ್ಲ ಎನ್ನುವ ಮಾತು ಹೇಗೆ ಬಂದೀತು? ಅಲ್ಲದೆ ನಮ್ಮ ಇಂಜಿನಿಯರುಗಳಿಗೆ ಒಂದು ಕಾಯಿಲೆಯಿದೆ. ಪ್ರಶ್ನೆ ಕೇಳಿದರೆ ಉತ್ತರ ಕೊಡಲೇಬೇಕು, ಗೊತ್ತಿಲ್ಲ ಎಂದರೆ ಎಲ್ಲೋ ಒಂದು ಮಾರ್ಕು ಹೋಗುತ್ತದೆ ಎಂಬ ಭಯ ನಲವತ್ತು ದಾಟಿದರೂ ಬಿಡುವುದಿಲ್ಲ.

ಪೊಲೀಸರ ತಪಾಸಣೆ ಮುಗಿದು ಕೆಲಸಕ್ಕೆ ಸೇರಿದ. ಮಾರ್ಜ್ ಅವನ ಹೆಸರನ್ನು 'ಪಂಚ್' ಎಂದು ಕತ್ತರಿಸಿದಳು. ಶಾರದಾ ಒಂದೇ ಷರತ್ತು ಹಾಕಿದಳು, ಕನ್ನಡದವರ ಮುಂದೆ ಬಾಯಿ ಬಿಡಬಾರದು. ಹೀಗಾಗಿ ವಿಲೆಟನ್‌ನ ಪಾರ್ಕಿನಲ್ಲಿ ಕನ್ನಡದವರ ಬಾರ್ಬಿಕ್ಯೂ ಊಟ ನಡೆದ ದಿನ ಅವನು, "ಸ್ಪೋರ್ಟ್ಸ್ ಸಾಮಾನಿನ ಅಂಗಡಿ" ಎಂದ. ಇಂದುಮತಿ ಆಂಟಿ ತಕ್ಷಣ, "ಹಂಗಾದ್ರೆ ನಮ್ಮ ಮೊಮ್ಮಗನಿಗೊಂದು ಒಳ್ಳೇ ಬ್ಯಾಟು ನೋಡಪ್ಪಾ" ಎಂದರು. "ಸೀಸನ್ ಮುಗೀತು ಆಂಟೀ" ಎಂದು ಹೇಳಿ ಅವನು ಸುಟ್ಟ ಜೋಳದ ತಟ್ಟೆ ಹಿಡಿದು ಮರದ ಹಿಂದಕ್ಕೆ ಸರಿದ.

ಅಂಗಡಿಯಲ್ಲಿ ಕಬ್ಬಿಣ, ತಾಮ್ರ, ಸೀಸ ಎಂದರೆ ಅವನಿಗೆ ಸಲೀಸು. ಕಷ್ಟವಾಗುತ್ತಿದ್ದುದು ಮಾತು. ಬೇಟೆಗೆ ಹೋಗುವವರು ಬರೀ ಗುಂಡು ಕೊಂಡು ಹೋಗುವುದಿಲ್ಲ, ಕತೆ ಹೇಳುತ್ತಾರೆ. ಆಡು ಹೇಗೆ ಉರುಳಿತು, ಹಂದಿ ಹೇಗೆ ಕಿರುಚಿತು. ಮೊದಲ ವಾರ ಪಂಚಾಕ್ಷರಿಗೆ ಊಟ ಸೇರಲಿಲ್ಲ. ಆಮೇಲೆ ಒಂದು ಉಪಾಯ ಕಂಡುಕೊಂಡ. ಕತೆ ಶುರುವಾದ ಕೂಡಲೇ ಮನಸ್ಸಿನಲ್ಲೇ 'ನಮಃ ಶಿವಾಯ' ಹಿಡಿಯುವುದು. ಮುಖದ ಮೇಲೆ ಒಂದು ನಗೆ, ಆಗಾಗ ತಲೆದೂಗು. ಹೊರಗಿನ ಮಾತು ಹೊರಗೇ ನಿಲ್ಲುತ್ತಿತ್ತು. ಗಿರಾಕಿಗಳಿಗೆಲ್ಲ ಇಷ್ಟು ತಾಳ್ಮೆಯಿಂದ ಕೇಳುವವನು ಇನ್ನೊಬ್ಬನಿಲ್ಲ ಎನಿಸಿಬಿಟ್ಟಿತು. ತಮಾಷೆಯೆಂದರೆ, ಅವನ ಕಾಲು ಕುಣಿಯದೆ ನಿಲ್ಲುತ್ತಿದ್ದುದು ಆ ಹೊತ್ತಿನಲ್ಲಿ ಮಾತ್ರ.

೨೦೧೬ರ ಏಪ್ರಿಲ್‌ನ ಒಂದು ಮಧ್ಯಾಹ್ನ ಕೀತ್ ಬಂದ. ಗೋಧಿ ಬೆಳೆಯುವ ಸೀಮೆಯ ರೈತ, ಅರವತ್ತೆಂಟು ವರ್ಷ, ಬಿಸಿಲಿಗೆ ಬೆಂದ ಕತ್ತು. ಮೇ ತಿಂಗಳಲ್ಲಿ ಕೆನಡಾಕ್ಕೆ ಹೋಗಿ ಕಪ್ಪು ಕರಡಿ ಹೊಡೆಯಬೇಕು, ಹುಡುಗನಾಗಿದ್ದಾಗಿನಿಂದ ಆಸೆ, ಈಗ ಹೊಲ ಮಗನಿಗೆ ವಹಿಸಿದ್ದೇನೆ ಎಂದ. ಮನೆಯಲ್ಲಿ ಎರಡು ಬಂದೂಕು ಇವೆ. ನರಿಗೆ ಬಳಸುವ ಸಣ್ಣದೊಂದು, ತ್ರೀ ಓ ಎಯ್ಟ್ ಎನ್ನುವ ಮಧ್ಯಮ ಅಳತೆಯದೊಂದು. ಇನ್ನೂ ದೊಡ್ಡದು ಕೊಳ್ಳಬೇಕಾ?

"ಬೇಡ" ಎಂದ ಪಂಚಾಕ್ಷರಿ. "ದೊಡ್ಡದು ಭುಜಕ್ಕೆ ಒದೆಯುತ್ತೆ. ಒದೆತಕ್ಕೆ ಹೆದರಿದವನ ಗುರಿ ತಪ್ಪುತ್ತೆ. ಸಣ್ಣದು ಕರಡಿಗೆ ಸಾಲಲ್ಲ. ಕೈಗೆ ಪಳಗಿದ ತ್ರೀ ಓ ಎಯ್ಟ್ ಸಾಕು." ಇದು ಸರಿಯಾದ ಮಾತೇ. ಪುಸ್ತಕದಲ್ಲಿ ಓದಿದ್ದ.

"ಹಾಗಾದ್ರೆ ಗುಂಡು ಯಾವ್ದು?" ಎಂದು ಕೇಳಿ ಕೀತ್ ಕೌಂಟರಿಗೆ ಎರಡೂ ಮೊಣಕೈ ಊರಿ, ಅಲ್ಲಿ ಕರಡಿಯನ್ನು ಹೇಗೆ ಹೊಡೆಯುತ್ತಾರೆ ಎಂದು ವರ್ಣಿಸತೊಡಗಿದ. ಪಂಚಾಕ್ಷರಿ ಅಭ್ಯಾಸದಂತೆ ಜಪ ಹಿಡಿದ. ಕೀತ್‌ನ ಕೈ ಗಾಳಿಯಲ್ಲಿ ಏನೋ ಡ್ರಮ್ಮಿನ ಆಕಾರ ಬರೆಯಿತು, ಮೇಲೆ ಏನನ್ನೋ ತೋರಿಸಿತು. ಇವನು ತಲೆದೂಗಿದ. ಹತ್ತು ನಿಮಿಷವಾದ ಮೇಲೆ ಕೀತ್ ನಿಲ್ಲಿಸಿ, "ಏನಂತೀಯ?" ಎಂದ.

ಪಂಚಾಕ್ಷರಿ ತಾನೇ ತಯಾರಿಸಿದ ಕೋಷ್ಟಕ ಬಿಚ್ಚಿದ. ಯಾವ ಗುಂಡು ಎಷ್ಟು ತೂಕ, ಎಷ್ಟು ವೇಗ, ಮುನ್ನೂರು ಮೀಟರಿಗೆ ಎಷ್ಟು ಕೆಳಗಿಳಿಯುತ್ತದೆ. ಬೆರಳಿಟ್ಟಿದ್ದು ನೂರ ಇಪ್ಪತ್ತೈದು ಗ್ರೇನ್, ಅಂದರೆ ಎಂಟು ಗ್ರಾಂ ತೂಗುವ ಹಗುರ ಗುಂಡಿನ ಮೇಲೆ. ಎಲ್ಲಕ್ಕಿಂತ ವೇಗದ್ದು ಅದು. ವೇಗ ಹೆಚ್ಚಿದ್ದರೆ ಪ್ರಾಣಿ ಬೇಗ ಸಾಯುತ್ತದೆ, ನೋವು ಕಡಿಮೆ ಎಂದು ಅವನ ಎಣಿಕೆ. ಕರಡಿ ಎಂದರೆ ಅವನು ಕಂಡಿದ್ದು ಮೈಸೂರಿನ ಮೃಗಾಲಯದಲ್ಲಿ, ಅದೂ ಬೆನ್ನು ತೋರಿಸಿ ಮಲಗಿದ್ದನ್ನು.

"ನೀನು ಹೇಳಿದ್ಮೇಲೆ ಮುಗೀತು" ಎಂದು ಕೀತ್ ನಾಲ್ಕು ಡಬ್ಬಿ ಕೊಂಡು ಹೋದ.

ಇದಾಗಿ ಮೂರು ವಾರಕ್ಕೆ, ಒಂದು ಗುರುವಾರ, ಹಳೆಯ ಗಿರಾಕಿಯೊಬ್ಬ ಪ್ಲಾಸ್ಟಿಕ್ ಚೀಲವೊಂದನ್ನು ಕೌಂಟರ್ ಮೇಲೆ ಕುಕ್ಕಿದ. ಒಳಗೆ ಹಂದಿಯ ಮೈಯಿಂದ ತೆಗೆದ ಗುಂಡಿನ ಚೂರುಗಳು, ಆ ಗುಂಡಿನ ಡಬ್ಬಿ. "ನೋಡು ನಿಮ್ಮ ಸಾಮಾನು. ನಲವತ್ತು ಮೀಟರಿಂದ ಭುಜಕ್ಕೆ ಹೊಡೆದೆ. ಓಡ್ಹೋಯ್ತು. ಮಾರನೇ ದಿನ ಹಳ್ಳದಲ್ಲಿ ಸಿಕ್ತು, ಇನ್ನೂ ಉಸಿರಾಡ್ತಿತ್ತು" ಎಂದ.

ಪಂಚಾಕ್ಷರಿ ಜಪ ಶುರು ಮಾಡಲು ಹೊರಟವನು ಮಾಡಲಿಲ್ಲ. ಚೂರುಗಳು ಅವನ ಕಣ್ಣನ್ನು ಹಿಡಿದುಕೊಂಡಿದ್ದವು. ತಾಮ್ರದ ಕವಚ ಕಿತ್ತಳೆ ಸಿಪ್ಪೆಯ ಹಾಗೆ ಸುಲಿದು ಬೇರೆಯಾಗಿತ್ತು, ಸೀಸ ಪುಡಿಪುಡಿಯಾಗಿತ್ತು. ಇಪ್ಪತ್ತು ವರ್ಷ ಲೋಹ ನೋಡಿದವನಿಗೆ ಯಾರೂ ವಿವರಿಸಬೇಕಾಗಿರಲಿಲ್ಲ. ತೀರಾ ಹತ್ತಿರದಿಂದ ಹೊಡೆದಾಗ ವೇಗ ಅತಿಯಾಗಿ, ಗುಂಡು ಮೂಳೆಗೆ ತಾಗಿದ್ದೇ ಸಿಡಿದಿದೆ. ಒಳಕ್ಕೆ ಹೋಗಿಲ್ಲ. ಡಬ್ಬಿ ನೋಡಿದ. ಕೀತ್‌ಗೆ ಕೊಟ್ಟ ಬಗೆಯದ್ದೇ.

ಗಿರಾಕಿ ಹೋದ ಮೇಲೆ ಮಾರ್ಜ್‌ಳನ್ನು, ಆದಷ್ಟು ತಣ್ಣಗಿನ ದನಿಯಲ್ಲಿ ಕೇಳಿದ, "ಕರಡೀನ ಎಷ್ಟು ದೂರದಿಂದ ಹೊಡೀತಾರೆ?"

"ಅಲ್ಲಿನ ಪದ್ಧತೀಲಾ? ಡ್ರಮ್ಮಿಗೆ ಹಳಸಿದ ಬ್ರೆಡ್ಡು, ಎಣ್ಣೆ ಹಾಕಿ ಕಾಡಲ್ಲಿ ಇಟ್ಟು, ಮರದ ಮೇಲೆ ಕೂತು ಕಾಯ್ತಾರೆ. ಹೆಚ್ಚಂದ್ರೆ ಐವತ್ತು ಮೀಟರು" ಎಂದಳು ಮಾರ್ಜ್. "ಕರಡಿ ಮೈಯೆಲ್ಲ ಕೊಬ್ಬು, ಕೂದಲು. ಸಣ್ಣ ಗಾಯ ಆದ್ರೆ ಮುಚ್ಕೊಂಡ್ಬಿಡುತ್ತೆ, ನೆಲಕ್ಕೆ ಒಂದು ಹನಿ ರಕ್ತ ಬೀಳಲ್ಲ. ಎಲ್ಲಿ ಹೋಯ್ತು ಅಂತ್ಲೂ ಗೊತ್ತಾಗಲ್ಲ. ಪೊದೆಯೊಳಗೆ ಹುಡುಕ್ಕೊಂಡು ಹೋದವನ್ನ ಅದೇ ಹುಡುಕುತ್ತೆ. ಯಾಕೆ, ಆ ಗೋಧಿ ಮುದುಕನಿಗೆ ಏನು ಕೊಟ್ಟೆ?"

"ಭಾರದ್ದೇ" ಎಂದ ಪಂಚಾಕ್ಷರಿ.

ಅದು ಸುಳ್ಳು, ಕೊಟ್ಟದ್ದು ಹಗುರದ್ದು. ಕೀತ್‌ನ ಕೈ ಗಾಳಿಯಲ್ಲಿ ಬರೆದ ಡ್ರಮ್ಮು, ಮೇಲೆ ತೋರಿಸಿದ ಮರ ಈಗ ಅರ್ಥವಾದವು. ಆ ಮನುಷ್ಯ ಬೇಕಾದುದನ್ನೆಲ್ಲ ಹೇಳಿದ್ದ. ಕಿವಿ ಮುಚ್ಚಿಕೊಂಡಿದ್ದವನು ತಾನು. ಕೊಲ್ಲುವ ಮಾತು ಕೇಳುವುದಿಲ್ಲ ಎಂಬ ಮಡಿಯಲ್ಲಿ ಕೂತು, ಒಂದು ಜೀವ ಎರಡು ದಿನ ನರಳಿ ಸಾಯುವ ಏರ್ಪಾಡು ಮಾಡಿಟ್ಟಿದ್ದ. ಕರಡಿಯ ಹಿಂದೆ ಕೀತ್ ಹೋದರೆ ಅವನದೂ ಅದೇ ಗತಿ. ನಿಜ ಹೇಳಿದರೆ ಕೆಲಸ ಹೋಗುತ್ತದೆ, ಬೇಟೆ ಗೊತ್ತು ಎಂದು ಹೇಳಿ ಸೇರಿದ ಕೆಲಸ.

ಕೀತ್‌ನ ಮೊಬೈಲಿಗೆ ಫೋನ್ ಮಾಡಿದ, ಆಫ್ ಆಗಿತ್ತು. ಹೊಲದ ಮನೆಯ ಫೋನು ಬಡಿದುಕೊಂಡೇ ಇತ್ತು. ಮನೆಗೆ ಹೋಗುವ ದಾರಿಯಲ್ಲಿ ಥಾರ್ನ್ಲಿಯ ಶಾಪಿಂಗ್ ಸೆಂಟರಿಗೆ ಮೊಸರು ತರಲು ಹೊಕ್ಕು, ಸಾಲು ಸಾಲು ಸುತ್ತಿ, ಬರಿಗೈಯಲ್ಲಿ ಹೊರಬಂದು, ಮತ್ತೆ ಹೊಕ್ಕು, ಹಾಲು ಹಿಡಿದು ಬಂದ. ಶಾರದಾ ಹಾಲಿನ ಡಬ್ಬಿ ನೋಡಿದಳು, ಗಂಡನ ಮುಖ ನೋಡಿದಳು, ಒಲೆ ಆರಿಸಿದಳು.

"ಏನಾಯ್ತು ಹೇಳಿ. ಸುತ್ಬೇಡಿ, ಕೂತ್ಕೊಂಡು ಹೇಳಿ."

ಕೂರಲು ಆಗಲಿಲ್ಲ. ಅಡುಗೆಮನೆಯ ಈ ಗೋಡೆಯಿಂದ ಆ ಗೋಡೆಗೆ ನಡೆಯುತ್ತಲೇ ಎಲ್ಲ ಹೇಳಿದ. ಶಾರದಾ ಕೇಳುತ್ತ ಕೊತ್ತಂಬರಿ ಸೊಪ್ಪು ಬಿಡಿಸಿದಳು.

"ಕೆಲಸ ಹೋದ್ರೆ ಹೋಗ್ಲಿ ಅಂತ ನಾನಂತೂ ಹೇಳಲ್ಲ" ಎಂದಳು ಕೊನೆಗೆ. "ಇನ್ನೊಂದ್ಸಲ ನಿಮ್ಮನ್ನ ಹನ್ನೊಂದು ತಿಂಗಳು ಮನೇಲಿ ನೋಡೋ ಶಕ್ತಿ ನನಗಿಲ್ಲ. ಆದ್ರೆ ಹೊಡೆಯೋದು ಅವನ ಪಾಡು ರೀ. ನರಳ್ಸೋದು ನಿಮ್ಮ ಪಾಲಿಗೆ ಬರಬಾರ್ದು."

ಬೆಳಿಗ್ಗೆ ಪೂಜೆಗೆ ಕೂತ. ಲಿಂಗ ಅಂಗೈಯಲ್ಲಿತ್ತು, ಮಂತ್ರ ಬಾಯಿಗೆ ಬರಲಿಲ್ಲ. ಹಳ್ಳದಲ್ಲಿ ಉಸಿರಾಡುತ್ತಿದ್ದ ಹಂದಿಯೇ ಕಣ್ಣೆದುರು ಬಂತು. ಎದ್ದುಬಿಟ್ಟ.

ಅಂಗಡಿಯ ಹಿಂದಿನ ಕೋಣೆಯಿಂದ ಮತ್ತೆ ಹೊಲದ ಮನೆಗೆ ಫೋನ್ ಮಾಡಿದ. ಈ ಸಲ ಕೀತ್‌ನ ಮಗ ಎತ್ತಿದ. ಅಪ್ಪ ಬ್ರಿಸ್ಬೇನ್‌ನಲ್ಲಿ ನನ್ನಕ್ಕನ ಮನೆಯಲ್ಲಿದ್ದಾರೆ, ನಾಳೆ ಬೆಳಿಗ್ಗೆ ಅಲ್ಲಿಂದಲೇ ವಿಮಾನ ಎಂದು ಅಕ್ಕನ ನಂಬರು ಕೊಟ್ಟ. ಪಂಚಾಕ್ಷರಿ ನಂಬರು ಒತ್ತಿದ. ಎರಡು ಸಲ ತಪ್ಪು ಒತ್ತಿದ. ಮೂರನೆಯ ಸಲ ಕೀತ್‌ನ ದನಿ ಕೇಳಿಸಿತು. ಅದೇ ಹೊತ್ತಿಗೆ ಮಾರ್ಜ್ ಚಹಾದ ಲೋಟ ಹಿಡಿದು ಬಾಗಿಲಲ್ಲಿ ಬಂದು ನಿಂತಳು.

ಫೋನ್ ಇಟ್ಟುಬಿಡಬಹುದಿತ್ತು. ಆಮೇಲೆ ಮಾಡ್ತೀನಿ ಅನ್ನಬಹುದಿತ್ತು. ಅವನು ಒಡತಿಯ ಮುಖ ನೋಡಿಕೊಂಡೇ ಮಾತಾಡಿದ.

"ಕೀತ್, ನಾನು ಪಂಚ್, ಅಂಗಡಿಯಿಂದ. ನಿಮಗೆ ತಪ್ಪು ಗುಂಡು ಕೊಟ್ಟಿದ್ದೀನಿ. ಅದನ್ನ ಬಳಸ್ಬೇಡಿ. ಐವತ್ತು ಮೀಟರಿಗೆ ಅದು ಭುಜದ ಮೂಳೆ ಮೇಲೇ ಒಡೆದುಹೋಗುತ್ತೆ."

"ನಾನು ಐವತ್ತು ಮೀಟರು ಅಂತಾನೇ ಹೇಳಿದ್ನಲ್ಲ?"

"ಹೇಳಿದ್ರಿ. ನಾನು ಕೇಳಿಸ್ಕೊಳ್ಲಿಲ್ಲ." ಇಲ್ಲಿಗೆ ಬಂದ ಮೇಲೆ ಉಳಿದದ್ದೂ ಬಂತು. "ನಾನು ಸಸ್ಯಾಹಾರಿ. ಜೀವಮಾನದಲ್ಲಿ ಒಂದು ಗುಬ್ಬಿ ಹೊಡೆದವನಲ್ಲ. ನೀವೆಲ್ಲ ಬೇಟೆ ಮಾತಾಡುವಾಗ ನಾನು ಕಿವಿ ಮುಚ್ಕೊಂಡು ದೇವರ ಹೆಸರು ಹೇಳ್ತಿರ್ತೀನಿ."

ಫೋನಿನ ಆ ಕಡೆ ಯಾವುದೋ ಮಗು ಅಳುತ್ತಿತ್ತು. ಕೀತ್ ಬೈಯುತ್ತಾನೆ ಎಂದುಕೊಂಡ. ಕೀತ್ ಬೈಯಲಿಲ್ಲ.

"ಹಾಗಾದ್ರೆ ಈಗ ಕೇಳು" ಎಂದ.

ಮೊದಲಿನಿಂದ ಹೇಳಿದ, ಒಂದನ್ನೂ ಬಿಡದೆ. ಮರದ ಮೇಲೆ ಎಷ್ಟು ಎತ್ತರದಲ್ಲಿ ಕೂರುವುದು, ಕರಡಿ ಸದ್ದಿಲ್ಲದೆ ಹೇಗೆ ಬರುತ್ತದೆ, ಮುಂಗಾಲು ಮುಂದಿಟ್ಟಾಗ ಭುಜದ ಹಿಂದೆ ಎಲ್ಲಿ ಜಾಗ ತೆರೆಯುತ್ತದೆ, ಅದರ ಕೆಳಗೆ ಶ್ವಾಸಕೋಶ ಎಲ್ಲಿದೆ. ಗುಂಡು ಸರಿಯಾಗಿ ಬಿದ್ದರೂ ಸಾಯುವ ಮುಂಚೆ ಅದು ಒಮ್ಮೊಮ್ಮೆ ಮನುಷ್ಯರ ಹಾಗೆ ನರಳುತ್ತದೆ ಎಂದೂ ಹೇಳಿದ. ಪಂಚಾಕ್ಷರಿಯ ಕಣ್ಣಲ್ಲಿ ನೀರು ಬಂತು. ಜಪ ಹಿಡಿಯಲಿಲ್ಲ. ಕಾಗದ ತೆಗೆದು ಗೀಚುತ್ತ ನಡುನಡುವೆ ಕೇಳಿದ. ಮೇಲಿಂದ ಕೆಳಕ್ಕೆ ಹೊಡೆದರೆ ಯಾವ ಕೋನ? ಮೂಳೆ ಎಷ್ಟು ದಪ್ಪ? ಕೊಬ್ಬು ಎಷ್ಟು ಬೆರಳು? ಕೇಳುತ್ತ ಕೇಳುತ್ತ ಅವನ ದನಿ ಗಟ್ಟಿಯಾಯಿತು.

"ನೂರ ಎಂಬತ್ತು ಗ್ರೇನ್" ಎಂದ. "ಒಳಗಿನ ಸೀಸವನ್ನ ತಾಮ್ರಕ್ಕೆ ಬೆಸೆದಿರೋ ಗುಂಡು ಕೇಳಿ. ಮೂಳೆ ತಾಗಿದ್ರೂ ಚೂರಾಗಲ್ಲ, ಹೂವಿನ ಹಾಗೆ ಅರಳ್ಕೊಂಡು ಆ ಕಡೆಗೆ ದಾಟುತ್ತೆ. ಅಲ್ಲೇ ಕೊಂಡ್ಕೊಳ್ಳಿ. ಹೊಸ ಗುಂಡಿಗೆ ಬಂದೂಕಿನ ಮೇಲಿನ ದುರ್ಬೀನು ಮತ್ತೆ ಹೊಂದಿಸ್ಬೇಕು, ಮರೀಬೇಡಿ."

ಫೋನ್ ಇಟ್ಟ. ಮಾರ್ಜ್‌ಳ ಚಹಾ ಆರಿಹೋಗಿತ್ತು.

"ಬೇಟೆ ಮಾಡಿದ್ದೀನಿ ಅಂದಿದ್ದು ಸುಳ್ಳು ಅಂತ ಮೊದಲನೇ ದಿನಾನೇ ಗೊತ್ತಾಯ್ತು ನನಗೆ" ಎಂದಳು. "ಹಸುಗೂಸು ಎತ್ಕೊಂಡ ಹಾಗೆ ಬಂದೂಕು ಎತ್ಕೊಂಡಿದ್ದೆ. ಅದು ಪರವಾಗಿಲ್ಲ. ನಿನ್ನೆ ನಾನು ಕೇಳ್ದಾಗ ಭಾರದ್ದೇ ಅಂದ್ಯಲ್ಲ, ಅದಕ್ಕೆ ನಿನ್ನ ಈಗಲೇ ಮನೆಗೆ ಕಳಿಸ್ಬೇಕು." ಲೋಟದ ಚಹಾವನ್ನು ತೊಟ್ಟಿಗೆ ಸುರಿದಳು. "ಆ ಮುದುಕ ಜೀವಂತ ವಾಪಸ್ ಬರ್ಲಿ. ಆಮೇಲೆ ನಿನ್ನ ವಿಷಯ."

ಮುಂದಿನ ಐದು ವಾರ ಪಂಚಾಕ್ಷರಿಯ ಮನೆಯವರು ಪಟ್ಟ ಪಾಡು ಯಾರಿಗೂ ಬೇಡ. ಅವನ ತೂಕ ಇಳಿಯಿತು. ಹಿತ್ತಲಿನ ಹುಲ್ಲಿನ ಮೇಲೆ ಒಂದು ಕಾಲುದಾರಿಯೇ ಬಿತ್ತು. ತನ್ವಿ ಕೆನಡಾದ ಹವಾಮಾನವನ್ನು ತನ್ನ ಮೊಬೈಲಿನಲ್ಲಿ ಹಾಕಿಕೊಂಡು, ದಿನಾ ಬೆಳಿಗ್ಗೆ, "ಇಟ್ಸ್ ರೇನಿಂಗ್ ದೇರ್, ಅಪ್ಪಾ" ಎಂದೋ "ಸನ್ನಿ" ಎಂದೋ ವರದಿ ಒಪ್ಪಿಸುತ್ತಿದ್ದಳು. ಮಳೆ ಬಂದರೆ ಗುರಿ ತಪ್ಪುತ್ತದೆಯೇ, ಬಿಸಿಲಿದ್ದರೆ ಕರಡಿ ಬರುತ್ತದೆಯೇ ಎಂದು ಅವನು ಎರಡಕ್ಕೂ ಹೆದರುತ್ತಿದ್ದ. ಅಂಗಡಿಯಲ್ಲಿ ಮಾತ್ರ ಈಗ ಯಾರು ಕತೆ ಹೇಳಿದರೂ ಪೂರ್ತಿ ಕೇಳುತ್ತಿದ್ದ. ಕೇಳಿದ್ದು ಮನೆಗೂ ಬರುತ್ತಿತ್ತು, ತಟ್ಟೆಯ ಮುಂದೂ ಬರುತ್ತಿತ್ತು.

ಜೂನ್ ಹದಿನೆಂಟನೆಯ ತಾರೀಕು ಬಾಗಿಲು ತಳ್ಳಿಕೊಂಡು ಕೀತ್ ಬಂದ. ಎರಡು ಕೈ, ಎರಡು ಕಾಲು, ಎಲ್ಲ ನೆಟ್ಟಗಿದ್ದವು. ಮಾರ್ಜ್ ಲೆಕ್ಕದ ಪುಸ್ತಕದಿಂದ ತಲೆಯೆತ್ತಿದಳು. ಕೀತ್ ಅವಳ ಕಡೆ ನೋಡದೆ ಸೀದಾ ಪಂಚಾಕ್ಷರಿಯ ಮುಂದೆ ಬಂದು ಸತ್ತ ಕರಡಿಯ ಫೋಟೋ ಇಟ್ಟ.

"ನಲವತ್ತೈದು ಮೀಟರು. ಒಂದೇ ಗುಂಡು. ಹತ್ತು ಹೆಜ್ಜೆ ಇಡಲಿಲ್ಲ. ನರಳ್ಲೂ ಇಲ್ಲ" ಎಂದ. "ಹಿಂದಿನ ವಾರ ಬೇರೆ ಯಾರೋ ಒಬ್ಬ ಗಾಯ ಮಾಡಿ ಬಿಟ್ಟಿದ್ನಂತೆ. ಮೂರು ದಿನ ಹುಡುಕಿದ್ರಂತೆ. ನಿನ್ನ ಫೋನ್ ಬರದೇ ಇದ್ದಿದ್ರೆ ನನ್ನದೂ ಅದೇ." ಅವನ ಕೈ ಹಿಡಿದು ಮುರಿಯುವ ಹಾಗೆ ಕುಲುಕಿದ. ಮಾರ್ಜ್ ಪುಸ್ತಕ ಮುಚ್ಚಿ, ಸೋಮವಾರದಿಂದ ಬೇಟೆ ವಿಭಾಗ ನೀನೇ ನೋಡ್ಕೋ ಎಂದಳು.

ಪಂಚಾಕ್ಷರಿ ಕಾರು ಓಡಿಸಿಕೊಂಡು ಮನೆಗೆ ಬಂದದ್ದು ಅವನಿಗೇ ಗೊತ್ತಾಗಲಿಲ್ಲ. ಚಪ್ಪಲಿ ಬಿಡುವಾಗಲೇ ಕತೆ ಶುರು ಮಾಡಿದ. ಸಂಜೆಯ ಊಟಕ್ಕೆ ಕೂತರೂ ನಿಲ್ಲಲಿಲ್ಲ. ತಟ್ಟೆಯ ಅಂಚಿನಲ್ಲಿ ಉಪ್ಪಿನಕಾಯಿಯಿಂದ ಕರಡಿಯ ಭುಜ ಬರೆದು, ಗುಂಡು ಎಲ್ಲಿ ಹೊಕ್ಕಿತು, ಒಳಗೆ ಎಷ್ಟು ಅರಳಿತು, ಎಲ್ಲಿ ಹೊರಬಂತು ಎಂದು ಶಾರದಾಗೂ ತನ್ವಿಗೂ ತೋರಿಸಿದ. "ಹತ್ತು ಹೆಜ್ಜೆ ಇಡ್ಲಿಲ್ವಂತೆ! ನಾನು ಹಾಕಿದ ಲೆಕ್ಕ ಒಂದು ಕೂದಲೆಳೆ ತಪ್ಪಲಿಲ್ಲ ಕಣೇ!" ಎರಡು ಸಲ ಅನ್ನ ಹಾಕಿಸಿಕೊಂಡ. ಗಟ್ಟಿಯಾಗಿ ನಕ್ಕ. ಒಂದು ಸಲವೂ ಎದ್ದುಹೋಗಲಿಲ್ಲ.

ಶಾರದಾ ಸೌಟು ಕೆಳಗಿಟ್ಟು ಅವನನ್ನೇ ನೋಡುತ್ತಿದ್ದಳು.

"ರೀ, ನೀವು ಹಿಂಗೆ ನಗ್ತಾ ಊಟ ಮಾಡಿ ಐದು ವರ್ಷ ಆಯ್ತು" ಎಂದಳು. "ಒಂದು ಜೀವ ಹೋದ್ಮೇಲೇ ಬರ್ಬೇಕಿತ್ತಾ ಇದು?"

ಪಂಚಾಕ್ಷರಿ ತಟ್ಟೆ ನೋಡಿದ. ನಿಜವಾಗಿಯೂ ಸಂತೋಷವಾಗಿತ್ತು, ಇನ್ನೂ ಹೋಗಿರಲಿಲ್ಲ, ಎದೆ ತುಂಬ ಇತ್ತು. ಅದನ್ನು ಕಂಡು ಅವನಿಗೆ ಭಯವಾಯಿತು. ತುತ್ತು ಹಿಡಿದ ಕೈಯನ್ನು ಎಲ್ಲಿಡುವುದೆಂದು ತಿಳಿಯದೆ ಹಾಗೇ ಕೂತ.